ಪಾತ್ರೆಗೆ ಹೆಸರು, ಪತ್ರಕ್ಕೆ ಗುರುತು

ಊರು ಬಿಟ್ಟು ಬಂದವರ ಮನೆಯಲ್ಲಿ ದೇವರ ಪಟದಷ್ಟೇ ಜೋಪಾನವಾಗಿರುವ ವಸ್ತು ಇನ್ನೊಂದುಂಟು. ಅದು ಕಾಗದಪತ್ರಗಳ ಫೈಲು. ನಿಗಡಿ, ಆಕುರ್ಡಿ, ಭೋಸರಿ, ಚಿಂಚವಾಡಗಳಲ್ಲಿ ನೆಲೆಸಿದ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 11 ತಿಂಗಳಿಗೊಮ್ಮೆ ಬಾಡಿಗೆ ಕರಾರು, ಮಕ್ಕಳ ಶಾಲೆ, ಗ್ಯಾಸು, ಬ್ಯಾಂಕು ಎಂದು ಎಲ್ಲಿಗೆ ಹೋದರೂ "ಆಧಾರ್‌ಚೀ ಜೆರಾಕ್ಸ್ ದ್ಯಾ" ಎಂಬ ಮಾತು ನಮಗಾಗಿ ಕಾದಿರುತ್ತದೆ. ನಾವೂ ಕೊಟ್ಟು ಬರುತ್ತೇವೆ. ಆ ಪ್ರತಿ ಆಮೇಲೆ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತೆಂದು ವಿಚಾರಿಸುವವರಿಲ್ಲ.

ನಮ್ಮ ಬಳಗದ ಹಿರಿಯರೊಬ್ಬರಿಗೆ, ತಾವು ಕೊಳ್ಳದ ಸಿಮ್ ಕಾರ್ಡಿನ ವಿಚಾರವಾಗಿ ಒಂದು ದಿನ ಕರೆ ಬಂತು. ಹೋಗಿ ನೋಡಿದರೆ, ಮನೆ ಬಾಡಿಗೆಗೆಂದು ಎಂದೋ ಕೊಟ್ಟಿದ್ದ ಪ್ರತಿಯೇ ಆ ಅರ್ಜಿಗೆ ಅಂಟಿಕೊಂಡಿತ್ತು. ಅದನ್ನು ಯಾತಕ್ಕಾಗಿ ಕೊಟ್ಟದ್ದೆಂದು ಹೇಳುವ ಒಂದಕ್ಷರವೂ ಅದರ ಮೇಲಿರಲಿಲ್ಲ. ತಮ್ಮದಲ್ಲದ ತಪ್ಪಿಗೆ ಅವರು ಎರಡು ತಿಂಗಳು ಅಲೆದಾಡಬೇಕಾಯಿತು.

ನಮ್ಮ ತಾಯಂದಿರು ಈ ವಿಷಯದಲ್ಲಿ ನಮಗಿಂತ ಜಾಣರು. ಸ್ಟೀಲಿನ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸಿ ತರುತ್ತಿದ್ದರು. ಪಕ್ಕದ ಮನೆಯ ಮುಂಜಿಗೆ ಕೊಟ್ಟ ಕೊಳದಪ್ಪಲೆ ಎಲ್ಲಿ ಹೋದರೂ "ನಾನು ಇಂಥವರ ಮನೆಯದು" ಎಂದು ತಾನೇ ಹೇಳುತ್ತಿತ್ತು. ಪತ್ರಕ್ಕೂ ಅಂಥದೊಂದು ಹೆಸರು ಬೇಕು. ಅದೇ ವಾಟರ್‌ಮಾರ್ಕ್, ನೀರುಗುರುತು.

ಈ ಗುರುತು ಹೊಸದೇನಲ್ಲ. ಇಟಲಿಯ ಫಾಬ್ರಿಯಾನೊ ಊರಿನ ಕಾಗದದವರು 1282ರ ಸುಮಾರಿಗೇ ಅಚ್ಚಿನ ಜಾಲರಿಗೆ ತಂತಿಯ ಚಿತ್ರ ಹೆಣೆದು ಇದನ್ನು ಮೂಡಿಸುತ್ತಿದ್ದರು. ತಂತಿಯಿದ್ದಲ್ಲಿ ಕಾಗದ ತೆಳುವಾಗುತ್ತದೆ, ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ನಮ್ಮ ನೋಟಿನ ಬಿಳಿ ಜಾಗದಲ್ಲಿ ಗಾಂಧೀಜಿ ಕಾಣಿಸುವುದು ಕಾಗದದೊಳಗೇ ಮೂಡಿಸಿದ ಇಂಥದೇ ಗುರುತಿನಿಂದ. ಆ ನೋಟಿನ ಕಾಗದ ಇಂದು ನಮ್ಮ ಮೈಸೂರಿನಲ್ಲೂ ತಯಾರಾಗುತ್ತದೆ.

ಆದರೆ ಈಗ ಪತ್ರಗಳು ಕಾಗದವನ್ನೇ ಬಿಟ್ಟು 'ಪಿಡಿಎಫ್' ಆಗಿ ಫೋನಿನಲ್ಲಿ ಓಡಾಡುತ್ತಿವೆ. ಕಾಗದವೇ ಇಲ್ಲದ ಮೇಲೆ ಗುರುತು ಹಾಕುವುದೆಲ್ಲಿ? ಹಿಂಜವಡಿಯಲ್ಲಿ ಕೆಲಸ ಮಾಡುವ ಮಗನನ್ನು ಕೇಳಿದೆವು. "ಅಪ್ಪಾ, ಇದು ನಿಮ್ಮ ಡ್ರಾಯಿಂಗ್ ಆಫೀಸಿನ ಟ್ರೇಸಿಂಗ್ ಕಾಗದದ ಕೆಲಸವೇ. ಕಾಗದ ಮಾತ್ರ ಇಲ್ಲ, ಅಷ್ಟೆ" ಎಂದ. ಭೋಸರಿಯ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದು ಕೂಡಲೇ ಅರ್ಥವಾದೀತು. ನಕ್ಷೆಯ ಮೇಲೆ 'ಕಂಟ್ರೋಲ್ಡ್ ಕಾಪಿ' ಎಂಬ ಮುದ್ರೆಯಿಲ್ಲದೆ ಲೇತಿನ ಮೇಲೆ ಕೆಲಸ ಏರುತ್ತಿರಲಿಲ್ಲ. ಹಳೆಯ ನಕ್ಷೆಗೆ 'ಆಬ್ಸಲೀಟ್' ಎಂದು ಹೊಡೆಯದಿದ್ದರೆ ಮಾಡಿದ ಮಾಲೆಲ್ಲ ಗುಜರಿಗೆ ಹೋಗಬಹುದಿತ್ತು.

ಪೈಥಾನ್ ಭಾಷೆಯಲ್ಲಿ ಬರೆದ ಹತ್ತಿಪ್ಪತ್ತು ಸಾಲಿನ ಕೋಡ್ ಈ ಕೆಲಸ ಮಾಡುತ್ತದೆ. ಮೊದಲು ಬೇಕಾದ ಮಾತು ಮಾತ್ರವಿರುವ ಒಂದು ಖಾಲಿ ಪುಟ ಸಿದ್ಧವಾಗುತ್ತದೆ. ಅಕ್ಷರ 45 ಡಿಗ್ರಿ ಓರೆ, ತಿಳಿಬೂದು ಬಣ್ಣ, ಕೆಳಗಿನದು ಕಾಣುವಷ್ಟು ಪಾರದರ್ಶಕ. ಅದನ್ನು ಮೂಲದ ಒಂದೊಂದು ಪುಟದ ಮೇಲೂ ಹಾಸಿ, ಹೊಸ ಹೆಸರಿನ ಫೈಲಾಗಿ ಉಳಿಸಿದರೆ ಮೂಲ ಹಾಗೆಯೇ ಇರುತ್ತದೆ. ಸ್ಕ್ಯಾನ್ ಮಾಡಿದ ಪುಟವಾದರೆ ಗುರುತು ಮೇಲೆಯೇ ಬೀಳಬೇಕು. ಪುಟವೆಲ್ಲ ಒಂದೇ ಚಿತ್ರವಾದ್ದರಿಂದ ಕೆಳಗೆ ಹಾಕಿದ್ದು ಮುಚ್ಚಿಹೋಗುತ್ತದೆ. ಕರಾರಿನ ಕಾಗದಕ್ಕೆ ನಾವು "ಫಕ್ತ ಭಾಡೇಕರಾರಾಸಾಠೀ" ಎಂದು, ತಾರೀಖು ಸಹಿತ ಹಾಕಿಸಿದೆವು. ಓದಬೇಕಾದವರು ಮರಾಠಿಗರಲ್ಲವೇ!

ಊರಿನ ಜಮೀನಿನ ಕೆಲಸಕ್ಕೆ ಕಳಿಸುವ ಪ್ರತಿಗೆ ಮಾತ್ರ ಕನ್ನಡವೇ ಬೇಕೆಂದು ಹಟ ಹಿಡಿದೆವು. "ಪೌತಿ ಖಾತೆಗೆ ಮಾತ್ರ" ಎಂದು ಬರೆಸಿದರೆ "ಮಾತ್‌ರ" ಎಂದು ಬಂತು! ಕಾರಣ ಹೀಗೆ. ಯೂನಿಕೋಡಿನಲ್ಲಿ 1991ರಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೆ ಅಲ್ಲಿರುವುದು ಬಿಡಿ ಅಕ್ಷರಗಳು. ಒತ್ತನ್ನು ಬುಡಕ್ಕೆ ಇಳಿಸಿ, ಗುಣಿತವನ್ನು ಕೂಡಿಸುವುದು ಬೇರೆ ಕೆಲಸ. ಪಿಡಿಎಫ್ ಬರೆಯುವ ಕೆಲವು ಸಲಕರಣೆಗಳು ಆ ಕೆಲಸ ಮಾಡದೆ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿಬಿಡುತ್ತವೆ. ಕೊನೆಗೆ ಆ ಮಾತನ್ನು ಕನ್ನಡ ಸರಿಯಾಗಿ ಜೋಡಿಸಬಲ್ಲ ತಂತ್ರಾಂಶದಲ್ಲಿ ಬರೆದು, ಚಿತ್ರವಾಗಿ ಮಾಡಿಕೊಂಡು ಹಾಸಿದಾಗ ಒತ್ತು ತನ್ನ ಜಾಗಕ್ಕೆ ಬಂದು ಕುಳಿತಿತು.

ಹಾಗೆಂದು ಇದು ಬೀಗವಲ್ಲ. ಹಾಸಿದ ಪದರವನ್ನು ಬಲ್ಲವರು ಎತ್ತಿಬಿಡಬಹುದು. ಪುಟವನ್ನೆಲ್ಲ ಒಂದೇ ಚಿತ್ರವಾಗಿ ಪರಿವರ್ತಿಸಿ ಕೊಟ್ಟರೆ ಅದು ಅಷ್ಟು ಸುಲಭವಲ್ಲ. ಇನ್ನು ಕೆಲವರು ಆಧಾರ್ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ನೆಮ್ಮದಿಯಾಗಿರುತ್ತಾರೆ. ಪಿಡಿಎಫ್‌ನಲ್ಲಿ ಆ ಪಟ್ಟಿಯ ಕೆಳಗೆ ಅಂಕಿಗಳು ಹಾಗೆಯೇ ಉಳಿದಿರಬಹುದು. ಅದರ ಬದಲು, ಮೊದಲ 8 ಅಂಕಿ ಮರೆಮಾಡಿ ಕೊನೆಯ 4 ಮಾತ್ರ ತೋರಿಸುವ 'ಮಾಸ್ಕ್ಡ್ ಆಧಾರ್' ಪ್ರತಿಯನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳುವುದು ಕ್ಷೇಮ. ಗುರುತು ಹಾಕುವಾಗ ಭಾವಚಿತ್ರ, ಹೆಸರು ಮಸುಕಾಗದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಗುಮಾಸ್ತರು "ಇದು ನಡೆಯುವುದಿಲ್ಲ" ಎಂದು ಹಿಂದಕ್ಕೆ ಕೊಟ್ಟಾರು.

ಕೋಡ್ ಬರೆಯಲು ಬಾರದವರು ಚಿಂತಿಸಬೇಕಿಲ್ಲ. ಜೆರಾಕ್ಸ್ ಪ್ರತಿಯ ಮೇಲೆ ಪೆನ್ನಿನಿಂದ ಓರೆಯಾಗಿ ಕಾರಣ, ತಾರೀಖು ಬರೆದು ಸಹಿ ಹಾಕಿದರೂ ಅದೇ ಪುಣ್ಯ. ಹತ್ತಾರು ಪತ್ರಗಳಿದ್ದಾಗ ಮನೆಯ ಮಕ್ಕಳ ಕೋಡಿನ ನೆರವು ಕೇಳೋಣ. ಅವರಿಗೂ ಫೈಲಿನಲ್ಲಿರುವ ಅಜ್ಜನ ಖಾತೆ, ಊರಿನ ಸರ್ವೆ ನಂಬರು ಕಣ್ಣಿಗೆ ಬಿದ್ದಂತಾಗುತ್ತದೆ. ಪರಊರಿನಲ್ಲಿ ನಮ್ಮ ಗುರುತು ನಮ್ಮ ಕೈಯಲ್ಲಿರುವುದು ಈ ಕಾಗದಗಳ ರೂಪದಲ್ಲಿ. ಅವು ಹೊಸ್ತಿಲು ದಾಟುವ ಮೊದಲು ಎಲ್ಲಿಗೆ, ಯಾತಕ್ಕೆ ಎಂದು ಹೇಳಿ ಕಳಿಸುವುದು ಮನೆಯ ಹಿರಿಯರ ಕೆಲಸವೇ ಸರಿ.