‘ವೇಗ್ಲಿ’ ಎಂಬ ಅವ್ಯಯ

ಇಂಗ್ಲಿಷಿನ ‘ವೇಗ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ‘ಅಸ್ಪಷ್ಟವಾಗಿ’ ಎಂಬ ಅರ್ಥವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅರ್ಥ ತಿಳಿಯಿತು, ಪ್ರಯೋಗ ತಿಳಿಯಲು ಬಹಳ ವರ್ಷಗಳೇ ಹಿಡಿದವು. ಒಬ್ಬನು ತನ್ನ ಮುಂದಿನ ಯೋಜನೆಯ ಬಗ್ಗೆ ‘ವೇಗ್ಲಿ’ ಮಾತನಾಡಿದನೆಂದರೆ ‘ಅಸ್ಪಷ್ಟವಾಗಿ’ ಎಂಬುದು ಹೇಗೋ ಹೊಂದಿಕೊಳ್ಳುತ್ತದೆ. ಒಂದು ಮುಖ ‘ವೇಗ್ಲಿ’ ಪರಿಚಿತವೆಂದಾಗ ಹೊಂದುವುದಿಲ್ಲ. ‘ಆ ಮುಖ ನನಗೆ ಅಸ್ಪಷ್ಟವಾಗಿ ಪರಿಚಿತ’ ಎಂದು ಬರೆದರೆ ಮುಖವೇ ಮಂಜಿನಲ್ಲಿ ಮುಳುಗಿದಂತಾಗುತ್ತದೆ. ಮುಖ ಸ್ಪಷ್ಟವಾಗಿಯೇ ಕಾಣುತ್ತಿದೆ. ಮಸುಕಾಗಿರುವುದು ನೋಡುವವನ ನೆನಪು. ಕನ್ನಡ ಮಾತನಾಡುವವರು ಇದನ್ನು ‘ಎಲ್ಲೋ ನೋಡಿದ ಹಾಗಿದೆ’ ಎನ್ನುತ್ತಾರೆ.

ಆ ‘ಎಲ್ಲೋ’ ಎಂಬುದರ ಕೊನೆಯ ಓಕಾರವನ್ನು ಗಮನಿಸಬೇಕು. ಏನೋ, ಯಾಕೋ, ಯಾರೋ, ಎಂದೋ ಎಂಬಲ್ಲೆಲ್ಲ ಪ್ರಶ್ನಾರ್ಥಕ ಪದಕ್ಕೆ ಓಕಾರ ಸೇರಿದೊಡನೆ ಪ್ರಶ್ನೆ ಅಡಗಿ ಅನಿಶ್ಚಯ ಮಾತ್ರ ಉಳಿಯುತ್ತದೆ. ‘ಯಾಕೋ ಮನಸ್ಸಿಗೆ ಸಮಾಧಾನವಿಲ್ಲ’ ಎಂಬ ಮನೆಮಾತಿನಲ್ಲಿ ಇಂಗ್ಲಿಷಿನ ಈ ಅವ್ಯಯ ಸಂಪೂರ್ಣವಾಗಿ ಅಡಕವಾಗಿದೆ. ಇಂಗ್ಲಿಷ್ ಒಂದು ಇಡೀ ಪದದಿಂದ ಮಾಡುವ ಕೆಲಸವನ್ನು ಕನ್ನಡ ಒಂದು ಸ್ವರದಿಂದ ಮಾಡಿಕೊಳ್ಳುತ್ತದೆ. ಅನುವಾದಕರು ‘ವಾಗಿ’ ಪ್ರತ್ಯಯವನ್ನು ಹುಡುಕಿಕೊಂಡು ಹೋಗುವುದರಿಂದ ಕಾಲಬುಡದಲ್ಲಿರುವ ಈ ಓಕಾರ ಕಣ್ಣಿಗೆ ಬೀಳುವುದಿಲ್ಲ.

ಪದದ ಮೂಲ ಲ್ಯಾಟಿನ್ನಿನ ‘ವಾಗುಸ್’. ಅಲೆದಾಡುವ, ನೆಲೆಯಿಲ್ಲದ ಎಂದರ್ಥ. ಅಲೆಮಾರಿಗೆ ಇಂಗ್ಲಿಷಿನಲ್ಲಿರುವ ‘ವ್ಯಾಗಬಾಂಡ್’ ಎಂಬ ಪದವೂ ಇದೇ ಕುಲದ್ದು. (ನಮ್ಮ ಕಿವಿಗೆ ‘ವೇಗ’ ಎಂದು ಕೇಳಿಸುತ್ತದೆ; ಸಂಬಂಧ ಏನೂ ಇಲ್ಲ.) ಎಲ್ಲೆ ಗುರುತಿಸಲಾಗದಂತೆ ಅರ್ಥ ಅಲೆಯುತ್ತಿದ್ದರೆ ಅದು ‘ವೇಗ್’. ‘ಆಂಬಿಗ್ಯುಯಸ್’ ಎಂಬುದು ಹಾಗಲ್ಲ. ಅದರ ಮೂಲದಲ್ಲಿರುವುದು ಎರಡೂ ಕಡೆಗೆ ಅಟ್ಟುವ ಕ್ರಿಯೆ. ಅಲ್ಲಿ ಅರ್ಥಗಳು ಎರಡು, ಒಂದೊಂದೂ ಸ್ಪಷ್ಟ, ಆಯ್ಕೆ ಮಾತ್ರ ಕಷ್ಟ. ‘ಅಬ್‌ಸ್ಕ್ಯೂರ್’ ಎಂದರೆ ಕತ್ತಲು ಕವಿದದ್ದು. ‘ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ’ ಎಂಬ ನಮ್ಮ ನುಡಿಗಟ್ಟು ಎರಡನೆಯದಕ್ಕೆ ಹತ್ತಿರ: ದೀಪ ಎರಡೂ ಕಡೆಗೆ ಬೆಳಕು ಕೊಡುತ್ತದೆ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಎಣಿಸುವ ಹತ್ತು ದೋಷಗಳಲ್ಲಿ ‘ಸಸಂಶಯ’ವೂ ಒಂದು, ನಿಶ್ಚಯಕ್ಕಾಗಿ ಆಡಿದ ಮಾತು ಸಂಶಯ ಹುಟ್ಟಿಸಿದರೆ ದೋಷ, ಸಂಶಯ ಹುಟ್ಟಿಸಲೆಂದೇ ಆಡಿದರೆ ಅಲಂಕಾರ. ನುಣುಚಿಕೊಳ್ಳುವ ಮಾತಿಗೆ ನಮ್ಮಲ್ಲಿ ‘ಹಾರಿಕೆಯ ಉತ್ತರ’ ಎಂಬ ಸೊಗಸಾದ ಮಾತಿದೆ. ಇಷ್ಟೆಲ್ಲ ಇದ್ದೂ ಎಲ್ಲದರ ಮೇಲೂ ‘ಅಸ್ಪಷ್ಟವಾಗಿ’ ಎಂಬ ಒಂದೇ ಹೊದಿಕೆ ಹೊದಿಸುವುದು ಭಾಷೆಯ ಬಡತನವಲ್ಲ, ನಮ್ಮ ಸೋಮಾರಿತನ.

ಮೌಲ್ಯಮಾಪನಕ್ಕೆ ಬಂದ ಒಂದು ಸಂಶೋಧನ ಪ್ರಬಂಧದಲ್ಲಿ ಸ್ಯಾದ್ವಾದವನ್ನು ‘ವಸ್ತುವಿನ ಬಗ್ಗೆ ಅಸ್ಪಷ್ಟವಾಗಿ ಹೇಳುವ ವಾದ’ ಎಂದು ವಿವರಿಸಲಾಗಿತ್ತು. ಆಧಾರ ಇಂಗ್ಲಿಷ್ ಗ್ರಂಥಗಳು. ಅವುಗಳಲ್ಲಿ ಹಲವು ‘ಸ್ಯಾತ್’ ಎಂಬುದನ್ನು ‘ಪರ್‌ಹ್ಯಾಪ್ಸ್’ ಎಂದೋ ‘ಮೇ ಬಿ’ ಎಂದೋ ಅನುವಾದಿಸಿವೆ. ‘ಬಹುಶಃ’ ಎಂಬಲ್ಲಿಂದ ‘ಅಸ್ಪಷ್ಟವಾಗಿ’ ಎಂಬಲ್ಲಿಗೆ ಒಂದೇ ಹೆಜ್ಜೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ‘ಸ್ಯಾತ್’ ಎಂಬುದನ್ನು ನಿಪಾತವೆಂದು ಹೇಳುತ್ತಾರೆ. ‘ಕಥಂಚಿತ್’, ಅಂದರೆ ‘ಒಂದು ಅಪೇಕ್ಷೆಯಿಂದ’ ಎಂಬುದೇ ಅದರ ತಾತ್ಪರ್ಯ. ಮಣ್ಣಿನ ದೃಷ್ಟಿಯಿಂದ ಗಡಿಗೆ ನಿತ್ಯ, ಗಡಿಗೆಯೆಂಬ ಪರ್ಯಾಯದ ದೃಷ್ಟಿಯಿಂದ ಅನಿತ್ಯ. ಈ ಎರಡರಲ್ಲಿ ಯಾವುದು ಮಸುಕು? ಸಪ್ತಭಂಗಿಯ ವಾಕ್ಯಗಳಲ್ಲಿ ‘ಸ್ಯಾತ್’ ಜೊತೆಗೆ ‘ಏವ’ ಎಂಬ ಅವಧಾರಣೆಯನ್ನೂ ಸೇರಿಸುವುದು ಈ ನಿಶ್ಚಯಕ್ಕಾಗಿಯೇ. ‘ವೇಗ್ಲಿ’ಯೂ ಅವ್ಯಯ, ‘ಸ್ಯಾತ್’ ಕೂಡ ಅವ್ಯಯ. ಒಂದು ಮಾತಿನ ಎಲ್ಲೆಯನ್ನು ಅಳಿಸುತ್ತದೆ, ಇನ್ನೊಂದು ಎಲ್ಲೆಯನ್ನು ಬರೆಯುತ್ತದೆ. ಪ್ರಬಂಧದ ಅಂಚಿನಲ್ಲಿ ಇಷ್ಟನ್ನು ಬರೆದೆ.

ಹಾಗಾದರೆ ಶಾಸ್ತ್ರದಲ್ಲಿ ‘ವೇಗ್ಲಿ’ಗೆ ಸ್ಥಾನವೇ ಇಲ್ಲವೆ? ಇದೆ, ಬೇರೆ ಕಡೆ. ‘ತತ್ತ್ವಾರ್ಥಸೂತ್ರ’ದ ಮೊದಲ ಅಧ್ಯಾಯ ಮತಿಜ್ಞಾನವನ್ನು ಅವಗ್ರಹ, ಈಹೆ, ಅವಾಯ, ಧಾರಣೆ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅವಗ್ರಹದ ಮೊದಲ ಮೆಟ್ಟಿಲು ವ್ಯಂಜನಾವಗ್ರಹ, ಅವ್ಯಕ್ತವಾದ ಶಬ್ದಾದಿಗಳ ಗ್ರಹಣ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಹೊಸ ಮಣ್ಣಿನ ಶರಾವೆಯ ದೃಷ್ಟಾಂತ ಕೊಡುತ್ತಾರೆ. ಎರಡು ಮೂರು ಹನಿ ನೀರು ಬಿದ್ದರೆ ಅದು ಒದ್ದೆಯಾದಂತೆ ಕಾಣುವುದಿಲ್ಲ. ಮತ್ತೆ ಮತ್ತೆ ಹನಿಸಿದಾಗ ಮೆಲ್ಲಮೆಲ್ಲನೆ ತೇವಗೊಳ್ಳುತ್ತದೆ. ಮೊದಲ ಹನಿಗಳು ಕಾಣಲಿಲ್ಲವೆಂದ ಮಾತ್ರಕ್ಕೆ ಅವು ವ್ಯರ್ಥವಾಗಲಿಲ್ಲ. ನಿದ್ದೆಯ ಅಂಚಿನಲ್ಲಿರುವವನಿಗೆ ಯಾರೋ ಕರೆದಂತೆ ‘ವೇಗ್ಲಿ’ ಕೇಳಿಸಿತು ಎಂದಾಗ ಆಗಿರುವುದು ಇದೇ.

ಆದರೂ ಶಾಸ್ತ್ರದ ಜರಡಿ ಇಂಗ್ಲಿಷಿನದಕ್ಕಿಂತ ಸಣ್ಣ ಕಣ್ಣಿನದು. ಕಣ್ಣಿಗೂ ಮನಸ್ಸಿಗೂ ವ್ಯಂಜನಾವಗ್ರಹವಿಲ್ಲವೆಂದು 19ನೆಯ ಸೂತ್ರ ಹೇಳುತ್ತದೆ. ದೂರದಲ್ಲಿ ಬೆಳ್ಳಗೆ ಏನೋ ಕಂಡು, ಕೊಕ್ಕರೆಯೋ ಪತಾಕೆಯೋ ಎಂದು ವಿಚಾರಿಸುವುದು ಮುಂದಿನ ಮೆಟ್ಟಿಲಿಗೆ, ಅಂದರೆ ಈಹೆಗೆ ಸೇರಿದ್ದು. ಮಾಸಿದ ನೆನಪಿನ ಪ್ರಶ್ನೆ ಧಾರಣೆಯ ಆಚೆ ಏಳುವಂಥದು. ಇಂಗ್ಲಿಷಿನ ಒಂದೇ ಅವ್ಯಯ ಕೇಳುವುದಕ್ಕೂ ಕಾಣುವುದಕ್ಕೂ ನೆನೆಯುವುದಕ್ಕೂ ಸಲ್ಲುತ್ತದೆ. ಆದ್ದರಿಂದ ನಾನು ಈಗ ಅನುವಾದದಲ್ಲಿ ಕೇಳಿದ್ದಕ್ಕೆ ‘ಅವ್ಯಕ್ತವಾಗಿ’, ಕಂಡದ್ದಕ್ಕೆ ‘ಏನೋ ಕಂಡಂತೆ’, ನೆನಪಿಗೆ ‘ಮಸುಕುಮಸುಕಾಗಿ’ ಎಂದು ಬಳಸುತ್ತೇನೆ. ಮುಖದ ಪರಿಚಯಕ್ಕೆ ಮಾತ್ರ ‘ಎಲ್ಲೋ’ ಎಂಬುದನ್ನು ಬಿಟ್ಟುಕೊಟ್ಟಿಲ್ಲ.