ಸ್ಥಳ ಬದಲಿಸುವ ದೋಷ

ಗಣಕದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಲಿನಕ್ಸ್ ಕರ್ನಲ್ಲನ್ನು ಕಟ್ಟುವಾಗ ಕಂಪೈಲರ್ ಸಾವಿರಾರು ಕಡತಗಳನ್ನು ಓದಿ ಯಂತ್ರಭಾಷೆಗೆ ಇಳಿಸುತ್ತದೆ. ನಡುವೆ ಒಮ್ಮೊಮ್ಮೆ ‘ಸಿಗ್ನಲ್ 11’ ಎಂದು ಸಾರಿ ಕಂಪೈಲರ್ ತಾನೇ ಕುಸಿಯುವುದುಂಟು. ಏನನ್ನೂ ತಿದ್ದದೆ ಮತ್ತೆ ಆಜ್ಞೆಯಿತ್ತರೆ ಅದೇ ಕಡತವನ್ನು ಸಲೀಸಾಗಿ ದಾಟುತ್ತದೆ. ಮುಂದೆ ಇನ್ನಾವುದೋ ಕಡತದಲ್ಲಿ ಎಡವುತ್ತದೆ.

ಈ ಕಾಯಕದಲ್ಲಿ ತೊಡಗಿದವನು ಮೊದಲು ಶಂಕಿಸುವುದು ಬರೆದ ಸಂಹಿತೆಯನ್ನು. ನಿರಪರಾಧಿಯಾದ ಸಾಲುಗಳನ್ನು ತಿದ್ದುತ್ತಾ ದಿನಗಳನ್ನು ಕಳೆಯುತ್ತಾನೆ. ಆದರೆ ಸಂಹಿತೆಯ ದೋಷವು ಸಾಮಾನ್ಯವಾಗಿ ಸ್ಥಿರವಾದುದು, ಪ್ರತಿಸಲವೂ ಅದೇ ಸಾಲಿನಲ್ಲಿ ತೋರತಕ್ಕದ್ದು. ಸ್ಥಳ ಬದಲಿಸುವ ದೋಷ ಬಹುಮಟ್ಟಿಗೆ ಯಂತ್ರದ್ದು: ಕೆಟ್ಟ ಮೆಮೊರಿ, ಮಿತಿಮೀರಿದ ಕಾವು, ಬಲವಂತದಿಂದ ವೇಗ ಏರಿಸಿದ ಪ್ರೊಸೆಸರ್. ಬೇರೆ ಕೆಲಸಗಳಲ್ಲಿ ಮರೆಯಾಗಿದ್ದುದು ಇಲ್ಲಿ ಬಯಲಾಗುವುದೇಕೆ? ಕಂಪೈಲರ್ ತನ್ನ ಮೆಮೊರಿಯಲ್ಲಿ ವಿಳಾಸಗಳ ದೊಡ್ಡ ಜಾಲವನ್ನೇ ನೇಯುತ್ತದೆ. ಒಂದು ವಿಳಾಸದ ಒಂದೇ ಬಿಟ್ ಸೊನ್ನೆಯಿಂದ ಒಂದಾದರೂ ಸಾಕು, ಹೆಜ್ಜೆ ಅನ್ಯರ ಮನೆಗೆ ಬೀಳುತ್ತದೆ.

ಬಿಟ್ಟನ್ನು ಕೆಡಿಸುವ ಮತ್ತೊಂದು ಕಾರಣ ಆಗಸದಿಂದ ಬರುತ್ತದೆ. ವಿಶ್ವಕಿರಣಗಳು ವಾಯುಮಂಡಲಕ್ಕೆ ತಾಗಿದಾಗ ಹುಟ್ಟುವ ನ್ಯೂಟ್ರಾನುಗಳು ಸಿಲಿಕಾನಿಗೆ ಬಡಿದು ಅದನ್ನು ತಿರುಗಿಸಬಲ್ಲವು. ಆ ಕಿರಣಗಳು ಭೂಮಿಯೊಳಗೆ ಎಷ್ಟು ಆಳ ಇಳಿಯುತ್ತವೆಂಬುದನ್ನು ನಮ್ಮ ನಾಡಿನಲ್ಲೇ ಅಳೆದದ್ದು ಹೆಮ್ಮೆಯ ಸಂಗತಿ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಮೊದಲಾದ ಗಣಿಗಳಿದ್ದ ಕೋಲಾರದ ಚಿನ್ನದ ಸೀಮೆಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿ ಉಪಕರಣಗಳೊಡನೆ ಇಳಿದು ಮ್ಯೂಯಾನುಗಳನ್ನು ಎಣಿಸಿದರು. ಇಳಿದಷ್ಟೂ ಎಣಿಕೆ ಕುಗ್ಗಿತು. ಆ ನಿಶ್ಶಬ್ದವನ್ನೇ ನೆಚ್ಚಿ 1965ರಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಚಾಂಪಿಯನ್ ರೀಫ್‌ನ ಸುಮಾರು 2.3 ಕಿ.ಮೀ. ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಗುರುತನ್ನು ಕಂಡುಹಿಡಿದರು. ಗಣಿಗಳು 2001ರಲ್ಲಿ ಮುಚ್ಚಿದವು.

ಅಷ್ಟು ಆಳದಲ್ಲಿ ಕುಳಿತು ಕರ್ನಲ್ ಕಟ್ಟಿದರೆ ದೋಷ ತಪ್ಪುವುದೇ? ಆಗಸದ ನ್ಯೂಟ್ರಾನು ಅಲ್ಲಿಗೆ ತಲುಪದು, ನಿಜ. ಕೆಟ್ಟ ಮೆಮೊರಿ ಅಲ್ಲಿಯೂ ಕೆಟ್ಟದ್ದೇ. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ಟಿಮೊಥಿ ಮೇ ಮತ್ತು ಸಂಗಡಿಗರು ಚಿಪ್ಪಿನ ಹೊದಿಕೆಯಲ್ಲೇ ಬೆರೆತಿದ್ದ ವಿಕಿರಣಶೀಲ ಕಲ್ಮಷವು ಬಿಟ್ಟುಗಳನ್ನು ಕೆಡಿಸುವುದನ್ನು ಕಂಡಿದ್ದರು. ವಿಶ್ವಕಿರಣದ ಪೆಟ್ಟು ಬಹು ಅಪರೂಪ, ಒಮ್ಮೆ ಬಿದ್ದು ಹೋಗುವಂಥದು. ದಿನಕ್ಕೆ ನಾಲ್ಕು ಸಲ ಕಂಪೈಲರ್ ಬಿದ್ದರೆ ಆಗಸವನ್ನು ದೂರುವುದು ಸಲ್ಲದು.

ಆದ್ದರಿಂದ ರಾತ್ರಿಯಿಡೀ ಮೆಮ್‌ಟೆಸ್ಟ್ ನಡೆಸಬೇಕು. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಕುಸಿತಕ್ಕಿಂತ ಭಯಂಕರವಾದುದು ಕುಸಿಯದೆ ಉಳಿದ ತಪ್ಪು. ಅದು ಸದ್ದಿಲ್ಲದೆ ಕರ್ನಲ್ಲಿನೊಳಗೆ ಸೇರಿ ಮುಂದೊಂದು ದಿನ ಯಾರದೋ ಕಡತಗಳನ್ನು ಕೆಡಿಸೀತು. ದೋಷಯುಕ್ತ ಪಟ್ಟಿ ಸಿಕ್ಕ ಮೇಲೆ ಅದುವರೆಗೆ ಕಟ್ಟಿದ್ದೆಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟತಕ್ಕದ್ದು.