ಐಸ್‌ಕ್ರೀಮಿಗೆ ಎಷ್ಟು ಅಂಕ?

ಮಾವಿನ ಹಣ್ಣನ್ನು ಮೂಸಿ ನೋಡಿಯೇ ಅದರ ಜಾತಿ ಹೇಳಬಲ್ಲ ಜನ ನಮ್ಮ ಬೆಳಗಾವಿಯಲ್ಲಿ ಬೇಕಾದಷ್ಟಿದ್ದಾರೆ. ಕುಂದಾದ ವಿಷಯವಂತೂ ಕೇಳುವುದೇ ಬೇಡ. ಯಾವ ಅಂಗಡಿಯದು ಹದವಾಗಿ ಕೆಂಪಾಗಿದೆ, ಯಾವುದರಲ್ಲಿ ಸಕ್ಕರೆ ಮುಂದಾಗಿದೆ ಎಂಬ ಚರ್ಚೆ ಇಲ್ಲಿ ಅರ್ಧ ಗಂಟೆ ನಡೆದೀತು. ಆದರೆ ಇದೇ ಜನ ಐಸ್‌ಕ್ರೀಮ್ ತಿಂದಾದ ಮೇಲೆ ‘ತಂಪಾಗಿತ್ತು’ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ತಂಪು ಫ್ರಿಜ್ಜಿನ ಗುಣವೇ ಹೊರತು ಐಸ್‌ಕ್ರೀಮಿನ ಗುಣವಲ್ಲ. ಮೂರು ದಶಕ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಇದು ಹೆಸರು ಮತ್ತು ನೋಂದಣಿ ಸಂಖ್ಯೆಯನ್ನಷ್ಟೇ ನೋಡಿ ಅಂಕ ಕೊಟ್ಟಂತೆ ತೋರುತ್ತದೆ.

ನಾನು ಬಹುಕಾಲ ಸೇವೆ ಸಲ್ಲಿಸಿದ್ದು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ. ವಾಸ ಬೆಳಗಾವಿಯ ಟಿಳಕವಾಡಿಯಲ್ಲಿ. ದಿನವೂ ರೈಲಿನ ಪ್ರಯಾಣ. ಶಾಲೆಯ ಗೇಟಿನ ಬಳಿ ಬೇಸಿಗೆಯಲ್ಲಿ ಒಬ್ಬ ಕುಲ್ಫಿಯವನು ಬರುತ್ತಿದ್ದ. ಮಣ್ಣಿನ ದೊಡ್ಡ ಮಡಕೆ, ಅದರ ತುಂಬ ಮಂಜುಗಡ್ಡೆ ಮತ್ತು ಹರಳುಪ್ಪು, ನಡುವೆ ತಗಡಿನ ಅಚ್ಚುಗಳು. (ಮಡಕೆಗೇನು ಬರ? ಖಾನಾಪುರದ ಜೇಡಿಮಣ್ಣು ಹೆಂಚಿಗೂ ಕುಂಬಾರಿಕೆಗೂ ಹೆಸರಾದದ್ದು.) ಮಂಜುಗಡ್ಡೆಗೆ ಉಪ್ಪು ಬೆರೆತಾಗ ಉಷ್ಣತೆ ಸೊನ್ನೆಗಿಂತ ಕೆಳಕ್ಕೆ, ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು ಎಂಬ ಪಾಠವನ್ನು ನಾನು ಕಪ್ಪುಹಲಗೆಗಿಂತ ಆ ಮಡಕೆಯ ಮುಂದೆಯೇ ಚೆನ್ನಾಗಿ ಕಲಿಸಿದೆನೆಂದು ಕಾಣುತ್ತದೆ. ಆದರೆ ಹುಡುಗರು ನನಗೊಂದು ಪಾಠ ಕಲಿಸಿದರು. ಹಾಲು ಸರಿಯಾಗಿ ಬತ್ತದ ದಿನ ಅವರು ಒಂದೇ ಕಡಿತಕ್ಕೆ ‘ಇವತ್ತು ನೀರು’ ಎಂದುಬಿಡುತ್ತಿದ್ದರು. ಹಲ್ಲಿಗೆ ಸಿಗುವ ಮಂಜಿನ ಹರಳೇ ಅವರ ಸಾಕ್ಷಿ. ನೀರು ಹೆಚ್ಚಿದಷ್ಟೂ ಹರಳು ದೊಡ್ಡದು. ಕೊಬ್ಬು ಮತ್ತು ಹಾಲಿನ ಘನಾಂಶ ಹೆಚ್ಚಿದಷ್ಟೂ ಹರಳು ಸಣ್ಣದು. ಇಡೀ ಐಸ್‌ಕ್ರೀಮ್ ಶಾಸ್ತ್ರದ ಅರ್ಧಭಾಗ ಇದೇ.

ಉಳಿದ ಅರ್ಧಕ್ಕೆ ನಾಲಿಗೆಯ ಸ್ವಭಾವ ತಿಳಿಯಬೇಕು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂದವಾಗುತ್ತದೆ. ಕರಗಿದ ಐಸ್‌ಕ್ರೀಮನ್ನು ಕುಡಿದು ನೋಡಿದವರಿಗೆ ಇದು ಗೊತ್ತು. ತಿನ್ನುವಾಗ ಹಿತವಾಗಿದ್ದದ್ದು ಕರಗಿದ ಮೇಲೆ ಗಂಟಲು ಕಟ್ಟುವಷ್ಟು ಸಿಹಿ. ನಾಲಿಗೆಯ ಜೀವಕೋಶಗಳಲ್ಲಿ ಸಿಹಿಯ ಸಂದೇಶ ದಾಟಿಸುವ ಒಂದು ಸೂಕ್ಷ್ಮ ದ್ವಾರವಿದೆಯೆಂದೂ, ಅದು ಬಿಸಿಗೆ ಹೆಚ್ಚು, ಚಳಿಗೆ ಕಡಿಮೆ ತೆರೆದುಕೊಳ್ಳುತ್ತದೆಯೆಂದೂ ಬೆಲ್ಜಿಯಮ್ಮಿನ ಲುವೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಆದ್ದರಿಂದ ಫ್ರೀಜರಿನಿಂದ ತೆಗೆದ ಕೂಡಲೇ ರುಚಿ ನೋಡುವುದು ನಿದ್ದೆಗಣ್ಣಿನ ಹುಡುಗನಿಗೆ ಮೌಖಿಕ ಪರೀಕ್ಷೆ ಮಾಡಿದಂತೆ. ಎಂಟು ಹತ್ತು ನಿಮಿಷ ಹೊರಗಿಡಬೇಕು. ಅಮೆರಿಕದಲ್ಲಿ ಜಾನ್ ಹ್ಯಾರಿಸನ್ ಎಂಬ ವೃತ್ತಿಪರ ರುಚಿಗಾರರೊಬ್ಬರಿದ್ದರು. ಕಂಪನಿ ಅವರ ನಾಲಿಗೆಗೆ ಹತ್ತು ಲಕ್ಷ ಡಾಲರಿನ ವಿಮೆ ಇಳಿಸಿತ್ತು. ಮರದ ಮತ್ತು ಪ್ಲಾಸ್ಟಿಕ್ಕಿನ ಚಮಚಗಳು ತಮ್ಮದೇ ರುಚಿ ಬಿಡುತ್ತವೆಂದು ಅವರು ಚಿನ್ನದ ಲೇಪದ ಚಮಚ ಬಳಸುತ್ತಿದ್ದರು. ನಮ್ಮ ಕಪ್ಪುಗಳ ಜೊತೆ ಬರುತ್ತಿದ್ದ ಆ ಚಪ್ಪಟೆ ಮರದ ಚಮಚದ ರುಚಿಯನ್ನೇ ಐಸ್‌ಕ್ರೀಮಿನ ರುಚಿಯೆಂದು ನಂಬಿ ಬೆಳೆದ ಪೀಳಿಗೆ ನಮ್ಮದು. ನಮಗೆ ಸ್ಟೀಲಿನ ಚಮಚ ಸಾಕು.

ನಾನು ಇದನ್ನೆಲ್ಲ ಗಂಭೀರವಾಗಿ ಯೋಚಿಸತೊಡಗಿದ್ದು ಕಳೆದ ಮೇ ತಿಂಗಳಲ್ಲಿ. ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ಹಿರಿಯ ಮಗಳ ಮದುವೆ. ಆತನದು ನಾಲ್ಕು ಎಮ್ಮೆಗಳ ಮನೆ. ದಿನವೂ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾನೆ, ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡುತ್ತಾನೆ. ಪಾಯಿಂಟ್ ಒಂದು ಕಡಿಮೆಯಾದರೂ ಅವನಿಗೆ ಸಂಕಟ. ಊಟದ ಕೊನೆಗೆ ವೆನಿಲ್ಲಾ ಕಪ್ಪುಗಳು ಬಂದವು. ಕನ್ನಡಕ ಏರಿಸಿಕೊಂಡು ಮುಚ್ಚಳ ಓದುವುದು ನನ್ನ ಚಾಳಿ. ಸಣ್ಣ ಅಕ್ಷರಗಳಲ್ಲಿ ‘ಫ್ರೋಜನ್ ಡೆಸರ್ಟ್’ ಎಂದಿತ್ತು. ಕೆಳಗೆ ಖಾದ್ಯ ಸಸ್ಯಜನ್ಯ ಕೊಬ್ಬು ಇದೆಯೆಂಬ ಸೂಚನೆ. ಅಂದರೆ ಬೆಣ್ಣೆಯ ಸ್ಥಾನದಲ್ಲಿ ಎಣ್ಣೆ. ಬಡಿಸುವವರೂ ತಿನ್ನುವವರೂ ಅದನ್ನು ಐಸ್‌ಕ್ರೀಮ್ ಎಂದೇ ಕರೆಯುತ್ತಿದ್ದರು. ಆತನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಮುಚ್ಚಳವನ್ನೇ ನೋಡಿ, ‘ಹಾಗಾದರೆ ನಮ್ಮ ಎಮ್ಮೆ ಹಾಲು ಎಲ್ಲಿಗೆ ಹೋಗುತ್ತದೆ, ಸರ್?’ ಎಂದ. ನನ್ನ ಬಳಿ ಚುಟುಕಾದ ಉತ್ತರವಿರಲಿಲ್ಲ.

ಕಾನೂನು ಸ್ಪಷ್ಟವಾಗಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಐಸ್‌ಕ್ರೀಮ್ ಎನಿಸಿಕೊಳ್ಳಲು ಶೇಕಡಾ 10ಕ್ಕಿಂತ ಕಡಿಮೆಯಿಲ್ಲದಷ್ಟು ಹಾಲಿನ ಕೊಬ್ಬು, ಶೇಕಡಾ 36 ಘನಾಂಶ ಇರಬೇಕು. ಸಸ್ಯಜನ್ಯ ಕೊಬ್ಬು ಬಳಸಿದರೆ ಅದು ಫ್ರೋಜನ್ ಡೆಸರ್ಟ್, ಹಾಗೆಂದು ಮುದ್ರಿಸಲೇಬೇಕು. ಇದು ವಿಷವೂ ಅಲ್ಲ, ಕಾನೂನುಬಾಹಿರವೂ ಅಲ್ಲ. 2017ರಲ್ಲಿ ಅಮುಲ್ ಸಂಸ್ಥೆಯ ಜಾಹೀರಾತಿನ ವಿರುದ್ಧ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋದಾಗ ನ್ಯಾಯಾಲಯ ಆ ಜಾಹೀರಾತುಗಳಿಗೆ ತಡೆ ನೀಡಿತು. ನನ್ನ ತಕರಾರು ತಯಾರಕರ ಮೇಲಲ್ಲ. ಮುಚ್ಚಳದ ಮೇಲೆ ಬರೆದಿರುವುದನ್ನು ಓದಬಲ್ಲೆವು. ದೊಡ್ಡ ಡಬ್ಬಿಯಿಂದ ತೋಡಿ ಎಲೆಯ ಪಕ್ಕದ ಬಟ್ಟಲಿಗೆ ಹಾಕಿದಾಗ ಓದುವುದೇನನ್ನು? ಅಲ್ಲಿ ನಾಲಿಗೆಯೊಂದೇ ಗತಿ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ, ಗಣಿತ ಮೇಷ್ಟ್ರಲ್ಲದಿದ್ದರೂ. ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಬೇಕೆಂಬುದು ನಿಯಮ. ಕಡೆಯುವ ಮೊದಲಿನ ಮಿಶ್ರಣ ಲೀಟರಿಗೆ ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಉಳಿದದ್ದು? ಗಾಳಿ. ಅರ್ಧಕ್ಕರ್ಧ ಗಾಳಿ ತುಂಬಿಯೂ ನಿಯಮ ಪಾಲಿಸಬಹುದು. ಗಾಳಿಯಿಲ್ಲದಿದ್ದರೆ ಐಸ್‌ಕ್ರೀಮ್ ಕಲ್ಲಾಗುತ್ತದೆ, ಸರಿ. ಆದರೆ ಎರಡು ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಮದುವೆಯಿಂದ ಬಂದ ಮುಂದಿನ ಭಾನುವಾರ ಮನೆಯಲ್ಲೇ ಪರೀಕ್ಷೆ ಏರ್ಪಡಿಸಿದೆ. ನಾಲ್ಕು ತಯಾರಕರ ವೆನಿಲ್ಲಾ, ನಾಲ್ಕು ಬಟ್ಟಲು, ಅಡಿಯಲ್ಲಿ ಸಂಖ್ಯೆ. ಯಾವುದು ಯಾವುದೆಂದು ಸೊಸೆಗೆ ಮಾತ್ರ ಗೊತ್ತು. ನಡುನಡುವೆ ಉಗುರುಬೆಚ್ಚಗಿನ ನೀರು. ಒಟ್ಟು 25 ಅಂಕ: ಮೈಕಟ್ಟಿಗೆ 10, ಹಾಲಿನ ರುಚಿಗೆ 10, ಪರಿಮಳಕ್ಕೆ 5. ಎಂಟನೆಯ ತರಗತಿಯ ಮೊಮ್ಮಗಳು ಅತಿ ಹೆಚ್ಚು ಅಂಕ ಕೊಟ್ಟದ್ದು ಯಾವುದಕ್ಕೆ? ಫ್ರೋಜನ್ ಡೆಸರ್ಟಿಗೆ! ‘ಅಜ್ಜ, ಇದೇ ಎಲ್ಲಕ್ಕಿಂತ ನುಣುಪು’ ಎಂದಳು. ಅವಳ ಮಾತು ನಿಜವೇ; ಮೈಕಟ್ಟಿಗೆ ನಾನೂ 8 ಕೊಟ್ಟಿದ್ದೆ. ಆದರೆ ನುಂಗಿದ ಮೇಲೆ ಅಂಗುಳಿನಲ್ಲಿ ತೆಳುವಾದ ಪದರವೊಂದು ಉಳಿದು, ಹಾಲಿನ ನೆನಪೇ ಬಾರದೆ ಹೋಗಿತ್ತು. ಅಲ್ಲಿ 3. ಶುದ್ಧ ಹಾಲಿನದೊಂದು ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿ ಹರಳು ಹರಳಾಗಿತ್ತು. ಮೈಕಟ್ಟಿಗೆ 4ರ ಮೇಲೆ ಕೊಡಲು ಮನಸ್ಸಾಗಲಿಲ್ಲ. ಕುಂದಾದಲ್ಲಿ ತರಿತರಿಯಾಗಿರುವುದು ಗುಣ, ಐಸ್‌ಕ್ರೀಮಿನಲ್ಲಿ ಅದೇ ದೋಷ. ಹಾಲು ಒಂದೇ, ಪಠ್ಯಕ್ರಮ ಬೇರೆ.

ಅದೇ ಹೊತ್ತಿಗೆ ಮಗ ಖಡೇ ಬಜಾರಿನಿಂದ ಒಂದು ಪೆಟ್ಟಿಗೆ ಚಾಕೊಲೇಟ್ ತಂದ. ವೆನಿಲ್ಲಾ, ಸ್ಟ್ರಾಬೆರಿ, ಪಿಸ್ತಾ, ಬಟರ್‌ಸ್ಕಾಚ್: ಐಸ್‌ಕ್ರೀಮಿನ ರುಚಿಗಳೆಂದೇ ಹೆಸರು. ವಿಚಿತ್ರ ಕಲ್ಪನೆ ಎನಿಸಿತು. ತಂಪೇ ಇಲ್ಲದ ಐಸ್‌ಕ್ರೀಮ್! ತಿಂದ ಮೇಲೆ ಅದರ ಉಪಯೋಗ ಹೊಳೆಯಿತು. ಚಳಿಯ ಪರದೆ ಇಲ್ಲದೆ ಪರಿಮಳ ಬಯಲಾಗಿ ನಿಲ್ಲುತ್ತದೆ. ಸ್ಟ್ರಾಬೆರಿ ಎಂದದ್ದು ಬರೀ ಸೆಂಟು. ಬೆಳಗಾವಿಯ ಸಂತೆಯಲ್ಲಿ ಚಳಿಗಾಲಕ್ಕೆ ಸಿಗುವ ಹುಳಿಮಿಶ್ರಿತ ಹಣ್ಣಿಗೂ ಅದಕ್ಕೂ ಬಾದರಾಯಣ ಸಂಬಂಧ. ಪಿಸ್ತಾದಲ್ಲಿ ಬಾದಾಮಿ ಎಸೆನ್ಸಿನ ಘಾಟು. ಬಟರ್‌ಸ್ಕಾಚ್ ಪರವಾಗಿಲ್ಲ, ಸುಟ್ಟ ಸಕ್ಕರೆಯ ರುಚಿ ಕುಂದಾ ಉಂಡ ನಾಲಿಗೆಗೆ ಪರಕೀಯವಲ್ಲ. ವೆನಿಲ್ಲಾ ಮಾತ್ರ ಗೆದ್ದಿತು. ಅದು ಬಿಳಿ ಚಾಕೊಲೇಟ್, ನಿಜವಾದ ಕೋಕೋ ಬೆಣ್ಣೆಯದು. ಕೋಕೋ ಬೆಣ್ಣೆ ದೇಹದ ಉಷ್ಣತೆಗಿಂತ ಸ್ವಲ್ಪ ಕೆಳಗೆ, 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಕರಗುವಾಗ ಬಾಯಿಯ ಶಾಖವನ್ನೇ ಹೀರಿ ನಾಲಿಗೆಗೊಂದು ಸಣ್ಣ ತಂಪು ಕೊಡುತ್ತದೆ. ಫ್ರಿಜ್ಜಿನ ಹಂಗಿಲ್ಲದ ತಂಪು ಅದು. ಉಳಿದ ಮೂರು ಬೇರೆ ಕೊಬ್ಬಿನವು, ಮೇಣದಂತೆ ಹಲ್ಲಿಗೆ ಅಂಟಿದವು. ಪೆಟ್ಟಿಗೆಯ ಹಿಂಬದಿ ಓದಿದಾಗ ನಾಲಿಗೆ ಹೇಳಿದ್ದೇ ಅಲ್ಲಿಯೂ ಇತ್ತು.

ಹಣ್ಣಿನ ರುಚಿಯನ್ನೇ ನಂಬಿ ಗೆದ್ದವರೂ ನಮ್ಮಲ್ಲಿದ್ದಾರೆ. ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ಆರಂಭಿಸಿ, ಸೀತಾಫಲ, ಎಳನೀರುಗಳನ್ನೇ ಹಾಲಿಗೆ ಬೆರೆಸಿ ಹೆಸರಾದರು, 2024ರಲ್ಲಿ ತೀರಿಕೊಂಡರು. ಖಾನಾಪುರದ ಕಾಡಿನ ನೇರಳೆ, ಹಲಸುಗಳನ್ನು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಮೊನ್ನೆ ಆ ಹಳೆಯ ವಿದ್ಯಾರ್ಥಿ ಫೋನ್ ಮಾಡಿದ್ದ. ಕಿರಿಯ ಮಗಳ ಮದುವೆ ಗೊತ್ತಾಗಿದೆ. ಹಾಲಿನ ಐಸ್‌ಕ್ರೀಮಿನ ದರ ವಿಚಾರಿಸಿದನಂತೆ. ಕಪ್ಪಿಗೆ ಏಳು ರೂಪಾಯಿ ಹೆಚ್ಚು. ಆರುನೂರು ಜನಕ್ಕೆ 4,200 ರೂಪಾಯಿ ಎಂದು ನಾನು ಲೆಕ್ಕ ಹೇಳಿದೆ. ‘ಅಷ್ಟು ಹಣಕ್ಕೆ ನಾನು ಎಷ್ಟು ದಿನ ಡೇರಿಗೆ ಹಾಲು ಹಾಕಬೇಕು ಗೊತ್ತೇನು, ಸರ್?’ ಎಂದು ನಕ್ಕ. ಇಲ್ಲವಾದರೆ ಮನೆಯ ಎಮ್ಮೆಗಳ ಹಾಲಿನಲ್ಲೇ ಬಾಸುಂದಿ ಮಾಡಿಸಿಬಿಡು ಎಂದೆ. ಮದುವೆಗೆ ಬರುವ ಹುಡುಗರು ಐಸ್‌ಕ್ರೀಮೇ ಬೇಕೆನ್ನುತ್ತಾರೆ, ಮನೆಯಲ್ಲಿ ಕೇಳಿ ತಿಳಿಸುತ್ತೇನೆ ಎಂದಿದ್ದಾನೆ.